ಎಳ್ಳುಗಂಟಿನೊಳಗಿನ ನೀಲ

ನಾನು ಒಂದು ನೀಲ. ಶನಿದೇವರ ಕಲ್ಲು ಎಂದು ನೀವೆಲ್ಲ ಹೆದರಿ ದೂರ ಇಡುತ್ತೀರಲ್ಲ, ಅದೇ ನಾನು. ನನ್ನ ಬಣ್ಣವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಹೊಗಳದೆ ಇರಲಾರೆ. ಹೊತ್ತು ಮುಳುಗಿದ ಮೇಲಿನ ಸಮುದ್ರದ ಬಣ್ಣ ನನ್ನದು. ಗಾತ್ರದಲ್ಲಿ ಅಲಸಂದೆ ಬೀಜಕ್ಕಿಂತ ದೊಡ್ಡದಲ್ಲ. ಹೊಟ್ಟೆಕಿಚ್ಚು ಮಾತ್ರ ಗಾತ್ರಕ್ಕೆ ಮೀರಿ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾನು ಹುಟ್ಟಿದ್ದು ಸಿಂಹಳದ ಒಂದು ಹೊಳೆಯ ಪಕ್ಕದ ಗದ್ದೆಯ ಅಡಿಯಲ್ಲಿ. ಎಷ್ಟು ಕಾಲ ಮಲಗಿದ್ದೆನೋ ಗೊತ್ತಿಲ್ಲ. ಒಂದು ದಿನ ಜನ ಬಾವಿ ತೋಡುವ ಹಾಗೆ ಗುಂಡಿ ತೋಡಿದರು, ಜಲ್ಲಿಮಣ್ಣನ್ನು ಬುಟ್ಟಿಗೆ ತುಂಬಿದರು, ಹೊಳೆಯ ನೀರಿನಲ್ಲಿ ಆಡಿಸಿ ಆಡಿಸಿ ತೊಳೆದರು. ನನ್ನ ಪಕ್ಕದಲ್ಲೇ ಒಂದು ಕೆಂಪು ಕಲ್ಲಿತ್ತು. ಎಲ್ಲರೂ ಅದನ್ನು ನೋಡಿ ಕೇಕೆ ಹಾಕಿದರು. ಅದನ್ನು ಕೈಯಿಂದ ಕೈಗೆ ದಾಟಿಸಿ, ಬೀಡಿ ಹಚ್ಚಿ, ಸಂಭ್ರಮವೆಲ್ಲ ಮುಗಿದ ಮೇಲೆ ಒಬ್ಬನಿಗೆ ನಾನು ಕಂಡೆ. "ಇಲ್ಲೊಂದು ನೀಲಿಯೂ ಇದೆ" ಎಂದ. ಆ 'ಯೂ' ಎನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ.

ಸಾಣೆಗಾರ ನನ್ನ ಅರ್ಧ ಮೈಯನ್ನು ಪುಡಿ ಮಾಡಿ ತೊಳೆದು ಹಾಕಿದ. ಉಳಿದರ್ಧಕ್ಕೆ ಹೊಳಪು ಬಂತು. ಮರಿಕಾರ್ ಸಾಹೇಬರು ಎಂಬ ವ್ಯಾಪಾರಿ ನನ್ನನ್ನು ಕೊಂಡು, ಸೊಂಟದ ಚೀಲದಲ್ಲಿಟ್ಟುಕೊಂಡು ಕುವೈತಿಗೆ ಹೋದರು. ಅಲ್ಲಿ ಅವರದೊಂದು ಸಣ್ಣ ಅಂಗಡಿ. ಆ ಅಂಗಡಿಯ ಏಸಿ ಕೆಟ್ಟಾಗೆಲ್ಲ ರಿಪೇರಿಗೆ ಬರುತ್ತಿದ್ದವನು ದಾಮೋದರ ಗಾಣಿಗ, ಗಂಗೊಳ್ಳಿಯವನು.

ದಾಮೋದರ ಕುವೈತಿನಲ್ಲಿ ಹನ್ನೆರಡು ವರ್ಷ ದುಡಿದಿದ್ದ. ಮೊದಮೊದಲು ಊರಿಗೆ ಕಳಿಸಿದ ಹಣದಲ್ಲಿ ಅವನ ಅಣ್ಣ ತನ್ನ ಹೆಸರಿನಲ್ಲೇ ಜಾಗ ಮಾಡಿಕೊಂಡಿದ್ದ. ಅಂದಿನಿಂದ ದಾಮೋದರನಿಗೆ ಭೂಮಿಯ ಮೇಲೂ ನಂಬಿಕೆ ಇರಲಿಲ್ಲ, ಅಣ್ಣನ ಮೇಲೂ ಇರಲಿಲ್ಲ. ಮರಿಕಾರ್ ಸಾಹೇಬರು ಅವನ ಅಂಗೈ ಮೇಲೆ ನನ್ನನ್ನಿಟ್ಟು ಹೇಳಿದರು: "ಇದಕ್ಕೆ ಬೇಲಿ ಬೇಡ, ಬ್ಯಾಂಕು ಬೇಡ. ನಾಳೆ ಊರು ಬಿಡಬೇಕಾದರೆ ಬಾಯೊಳಗೆ ಇಟ್ಟುಕೊಂಡು ನಡೆದುಬಿಡಬಹುದು." ದಾಮೋದರ ಒಂದು ವಾರ ಯೋಚನೆ ಮಾಡಿ, ಉಳಿತಾಯವನ್ನೆಲ್ಲ ತಂದು ಸುರಿದು, ನನ್ನನ್ನು ಕುವೈತಿನ ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಹೋದ.

ಮನೆಯಲ್ಲಿ ನನಗೆ ಸಿಕ್ಕ ಸ್ವಾಗತ ಹೇಳುವಂಥದ್ದಲ್ಲ. ಮಗಳೊಂದಿಗೆ ಕೆಲವು ತಿಂಗಳಿಗೆಂದು ಊರಿನಿಂದ ಬಂದಿದ್ದ ಅವನ ಹೆಂಡತಿ ಜಲಜಾಕ್ಷಿ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಹ್ವಾಯ್, ನಿಮ್ಗ್ ಎಂತ ಆಯ್ತ್? ಇಷ್ಟ್ ವರ್ಷ ದುಡ್ದದ್ದೆಲ್ಲ ಈ ಒಂದ್ ಕಲ್ಲಿಗಾ? ಅದೂ ಶನಿದೇವ್ರ್ ಕಲ್ಲಿಗಾ?"

"ಹಾಕಂಬುಕೆ ಅಲ್ಲ ಮಾರಾಯ್ತಿ, ಇಟ್ಕಂಬುಕೆ. ಎರಡ್ ವರ್ಷ ಬಿಟ್ ಮಾರಿರೆ ಗಂಗೊಳ್ಳಿಯಂಗೆ ಒಂದ್ ಐಸ್ ಪ್ಲಾಂಟ್ ಬತ್ತ್. ಮತ್ತೆ ನಾನ್ ನಿಮ್ಮನ್ನೆಲ್ಲ ಬಿಟ್ ಎಲ್ಲಿಗೂ ಹೋಪುದಿಲ್ಲೆ."

ಅವರ ಮಗಳು ಪ್ರತಿಮಾ ಒಂಬತ್ತು ವರ್ಷದವಳು. ಊರಿನ ಬಂದರಿನಲ್ಲಿ ಮೀನಿಗೆ ಐಸ್ ಮಾರುವ ಅಪ್ಪ, ದಿನಾ ಸಂಜೆ ಮನೆಗೆ ಬರುವ ಅಪ್ಪ, ಇದು ಅವಳ ಕನಸು. ಅವಳೊಬ್ಬಳೇ ನನ್ನನ್ನು ಮುಟ್ಟಲು ಕೈ ಚಾಚಿದಳು. ಜಲಜಾಕ್ಷಿ ಆ ಕೈಗೊಂದು ಪೆಟ್ಟು ಕೊಟ್ಟಳು.

ನೀಲವನ್ನು ಮನೆಗೆ ತಂದರೆ ಮೂರು ರಾತ್ರಿ ತಲೆದಿಂಬಿನ ಕೆಳಗೆ ಇಟ್ಟು ನೋಡಬೇಕಂತೆ. ಒಗ್ಗುವುದಾದರೆ ನಿದ್ದೆ ಚೆನ್ನಾಗಿ ಬರುತ್ತದೆ, ಒಗ್ಗದಿದ್ದರೆ ಕೆಟ್ಟದ್ದಾಗುತ್ತದೆ, ಆಗ ಕೊಟ್ಟವರಿಗೇ ವಾಪಸು ಕೊಡಬೇಕು. ಜಲಜಾಕ್ಷಿ ಪರೀಕ್ಷೆಗೆ ನನ್ನನ್ನು ದಿಂಬಿನಡಿ ತಳ್ಳಿದಳು. ಅಲ್ಲಿಯೇ ನನಗೆ ಅವಳ ಬಂಗಾರದ ಬಳೆಗಳ ಪರಿಚಯವಾದದ್ದು. ಮದುವೆಗೆ ತವರಿನವರು ಹಾಕಿದ ಬಳೆಗಳು. ಅವಳು ಕೈಮೇಲೆ ಕೆನ್ನೆಯಿಟ್ಟು ಮಲಗಿದರೆ ಆ ಬಳೆಗಳು ಅವಳ ಉಸಿರಿಗೆ ಬೆಚ್ಚಗಾಗುತ್ತಿದ್ದವು. ನನ್ನ ಹತ್ತರಲ್ಲೊಂದು ಪಾಲು ಬೆಲೆಯೂ ಇಲ್ಲದ ಲೋಹಕ್ಕೆ ಇಷ್ಟು ಸಲಿಗೆ! ನಾನು ದಿಂಬಿನ ಕೆಳಗೆ ಉರಿದುಹೋದೆ.

ಮೂರನೆಯ ರಾತ್ರಿ ಕಳೆದು ಬೆಳಗಾಗುವಾಗ ಗುಂಡಿನ ಸದ್ದು ಕೇಳಿಸಿತು. ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿತ್ತು.

"ಕಂಡ್ರ್ಯಾ?" ಎಂದು ಜಲಜಾಕ್ಷಿ ಕೂಗಿದಳು. "ಮೂರ್ ರಾತ್ರಿ ಆಪ್ಪುದ್ರೊಳ್ಗೆ ಊರಿಗೇ ಬೆಂಕಿ ಬಿತ್ತ್!"

"ಒಂದ್ ಕಲ್ಲಿಗೆ ಟ್ಯಾಂಕ್ ಕರ್ಕಂಡ್ ಬಪ್ಪುಕೆ ಆತ್ತಾ?" ಎಂದ ದಾಮೋದರ.

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಹೆಮ್ಮೆಯಾಯಿತು. ಒಂದು ಬಳೆಯ ತಲೆಗೆ ಯಾರಾದರೂ ಯುದ್ಧವನ್ನು ಕಟ್ಟಿದ್ದುಂಟೇ?

ವಾಪಸು ಕೊಡೋಣವೆಂದರೆ ಮರಿಕಾರ್ ಸಾಹೇಬರು ಅಂಗಡಿಗೆ ಬೀಗ ಹಾಕಿ ಎಲ್ಲಿಗೋ ಹೋಗಿಬಿಟ್ಟಿದ್ದರು. ಬ್ಯಾಂಕುಗಳು ಮುಚ್ಚಿದವು. ಅಕ್ಕಪಕ್ಕದ ಮನೆಯವರು ಜೀವಮಾನದ ದುಡಿಮೆ ಬ್ಯಾಂಕಿನೊಳಗೆ ಉಳಿಯಿತೆಂದು ತಲೆ ಚಚ್ಚಿಕೊಂಡರು. ದಾಮೋದರ ಮಾತ್ರ ನನ್ನನ್ನು ಮುಷ್ಟಿಯಲ್ಲಿ ಹಿಡಿದು, "ನಮ್ದ್ ನಮ್ ಕೈಯಂಗೇ ಇತ್ತಲ್ದಾ" ಎಂದ. ಅದು ನನ್ನ ಬದುಕಿನ ಒಳ್ಳೆಯ ದಿನ.

ಊರಿಗೆ ಹೊರಟಾಗ ನನ್ನನ್ನು ಬಚ್ಚಿಡುವ ಉಪಾಯ ಜಲಜಾಕ್ಷಿಯದು. ಶನಿದೇವರ ಮುಂದೆ ಉರಿಸುವ ಎಳ್ಳುಬತ್ತಿ ನಿಮಗೆ ಗೊತ್ತಲ್ಲ, ಕಪ್ಪು ಬಟ್ಟೆಯ ಚೂರಿನಲ್ಲಿ ಎಳ್ಳು ಹಾಕಿ ಕಟ್ಟಿದ ಪುಟ್ಟ ಗಂಟು. ಅಂಥ ಒಂದು ಗಂಟು ಕಟ್ಟಿ, ಎಳ್ಳಿನ ನಡುವೆ ನನ್ನನ್ನು ಹುದುಗಿಸಿದಳು. ದಾರಿಯಲ್ಲಿ ಸೈನಿಕರು ತಡಕಿದರೆ ಎಳ್ಳು ಸಿಗುತ್ತದೆ. ಶನಿದೇವರು ನೋಡಿದರೆ ಅವರಿಗೂ ಎಳ್ಳು ಕಾಣುತ್ತದೆ. ಇಬ್ಬರನ್ನೂ ಒಂದೇ ಗಂಟಿನಲ್ಲಿ ಸಮಾಧಾನ ಮಾಡಿದ ಆ ಹೆಂಗಸಿನ ಬುದ್ಧಿಗೆ ನಾನೂ ತಲೆದೂಗಿದೆ. ಬಳೆಗಳನ್ನು ಮೊಣಕೈ ಮೇಲಕ್ಕೆ ಏರಿಸಿ, ಬಟ್ಟೆ ಸುತ್ತಿ, ಮೇಲೆ ಉದ್ದ ತೋಳಿನ ಅಂಗಿ ಹಾಕಿಕೊಂಡಳು. ಬಳೆಗಳು ಮೈಮೇಲೆ, ನಾನು ಎಳ್ಳಿನೊಳಗೆ.

ಬಸ್ರಾ ದಾಟಿ, ಬಾಗ್ದಾದ್ ದಾಟಿ, ಮರಳುಗಾಡಿನಲ್ಲಿ ಜೋರ್ಡಾನಿನ ಗಡಿಯವರೆಗೆ ಹೋಗಬೇಕಿತ್ತು. ಬಸ್ಸಿನವನು ಕುವೈತಿನ ನೋಟು ನೋಡಿ ಮುಖ ತಿರುಗಿಸಿದ. ದಾಮೋದರ ಗಂಟು ಬಿಚ್ಚಿ ನನ್ನನ್ನು ತೋರಿಸಿದ. ನಾನು ಸೂರ್ಯನ ಬೆಳಕಿಗೆ ಮೈಯೆಲ್ಲ ಅರಳಿ ನಿಂತೆ. ಬಸ್ಸಿನವನು ನನ್ನನ್ನು ಹಲ್ಲಿಗೆ ತಾಗಿಸಿ ನೋಡಿ, ಗಾಜು ಎಂದು ನಕ್ಕು, ನೆಲಕ್ಕೆ ಎಸೆದ. ಜಲಜಾಕ್ಷಿ ತುಟಿ ಕಚ್ಚಿಕೊಂಡು ಒಂದು ಬಳೆ ಕಳಚಿದಳು. ಕೊಡುವ ಮೊದಲು ಅದನ್ನು ಕಣ್ಣಿಗೆ ಒತ್ತಿಕೊಂಡಳು. ಬಂಗಾರಕ್ಕೆ ಪರಿಚಯ ಹೇಳಬೇಕಾಗಿಲ್ಲ, ಯಾವ ದೇಶದ ಯಾವ ಕಳ್ಳನಿಗೂ ಅದರ ಗುರುತಿದೆ. ನನ್ನ ಗುರುತು ಹೇಳಲು ಮಸೂರ ಹಿಡಿದ ಒಬ್ಬ ಮನುಷ್ಯ ಬೇಕು. ಆ ಮರಳಿನಲ್ಲಿ ಅಂಥವನು ಒಬ್ಬನೂ ಇರಲಿಲ್ಲ.

ಆಮೇಲೆ ಒಂದೊಂದೇ ಬಳೆ ಹೋಯಿತು. ರೊಟ್ಟಿಗೆ ಹೋಯಿತು, ಲಾರಿಗೆ ಹೋಯಿತು. ಪ್ರತಿಯೊಂದನ್ನೂ ಅವಳು ಕಣ್ಣಿಗೆ ಒತ್ತಿಕೊಂಡೇ ಕೊಟ್ಟಳು. ಅವುಗಳಿಗಾಗಿ ಅತ್ತಳು. ನಾನು ಎಳ್ಳಿನ ನಡುವೆ ಕೂತು, ನನ್ನನ್ನೂ ಒಮ್ಮೆ ಹೀಗೆ ಅಳುತ್ತಾ ಕಳೆದುಕೊಳ್ಳಬಾರದೇ ಎಂದು ಹೊಟ್ಟೆ ಉರಿಸಿಕೊಂಡೆ.

ಗಡಿಯ ಡೇರೆಯಲ್ಲಿ ಪ್ರತಿಮಾಳಿಗೆ ಜ್ವರ ಏರಿತು. ಕುಡಿದ ನೀರೆಲ್ಲ ವಾಂತಿ. ಕಣ್ಣು ಗುಳಿಬಿದ್ದವು. ಡಾಕ್ಟರು ಇರುವ ಊರಿಗೆ ಕರೆದೊಯ್ಯಲು ನೀರಿನ ಟ್ಯಾಂಕರಿನವನೊಬ್ಬ ಒಪ್ಪಿದ, ಆದರೆ ಬರಿಗೈಯಲ್ಲಿ ಅಲ್ಲ. ದಾಮೋದರ ಕೊನೆಯ ಬಳೆ ಉಳಿಸಲು ಮತ್ತೆ ನನ್ನನ್ನೇ ಮುಂದೆ ಮಾಡಿದ. "ತಗೋ, ಇದು ನನ್ನ ಇಡೀ ದುಡಿಮೆ" ಎಂದು ಗೊತ್ತಿದ್ದಷ್ಟು ಅರಬ್ಬಿಯಲ್ಲಿ ಬೇಡಿಕೊಂಡ. ನಾನು ಎಂದೂ ಅಷ್ಟು ಹೊಳೆದಿರಲಿಕ್ಕಿಲ್ಲ. ಟ್ಯಾಂಕರಿನವನು ನನ್ನ ಮೇಲಿಂದ ಕಣ್ಣು ದಾಟಿಸಿ ಬಳೆಯ ಕಡೆ ಬೆರಳು ತೋರಿಸಿದ. ಜಲಜಾಕ್ಷಿ ಈ ಸಲ ಕಣ್ಣಿಗೆ ಒತ್ತಿಕೊಳ್ಳಲೂ ನಿಲ್ಲಲಿಲ್ಲ.

ಮಗು ಉಳಿಯಿತು. ಉಳಿಸಿದ್ದು ಬಳೆ. ಅದರ ಮೇಲೆ ಆವತ್ತು ನನಗೆ ಬಂದಷ್ಟು ಮತ್ಸರ ಬೇರೆ ಯಾವುದರ ಮೇಲೂ ಬಂದಿರಲಿಲ್ಲ. ಮುತ್ತೈದೆಯ ಬರಿಗೈ ನೋಡಲಾರದೆ ಪಕ್ಕದ ಡೇರೆಯ ತೆಲುಗು ಹೆಂಗಸೊಬ್ಬಳು ತನ್ನ ಕೈಯಿಂದ ಎರಡು ಗಾಜಿನ ಬಳೆ ತೆಗೆದು ಜಲಜಾಕ್ಷಿಗೆ ತೊಡಿಸಿದಳು. ಗಾಜೆಂದು ಬೈಸಿಕೊಂಡದ್ದು ನಾನು, ಅವಳ ಕೈಯೇರಿದ್ದು ನಿಜವಾದ ಗಾಜು.

ಸರ್ಕಾರ ಕಳಿಸಿದ ವಿಮಾನದಲ್ಲಿ ಮುಂಬೈಗೆ, ಅಲ್ಲಿಂದ ಬಸ್ಸಿನಲ್ಲಿ ಗಂಗೊಳ್ಳಿಗೆ ಬಂದೆವು. ಇಳಿದದ್ದು ಜಲಜಾಕ್ಷಿಯ ತಾಯಿಯ ಮನೆಯಲ್ಲಿ. ಆ ಅಜ್ಜಿಯ ಹೆಸರು ಮುತ್ತಕ್ಕ. ಹೆಸರು ಕೇಳಿಯೇ ನನಗೆ ಮೈ ಉರಿಯಿತು. ಮುತ್ತಿನ ಹೆಸರನ್ನು ಜನ ಮಕ್ಕಳಿಗೆ ಇಡುತ್ತಾರೆ, ನೀಲಕ್ಕೆ ಎಳ್ಳು ಸುರಿಯುತ್ತಾರೆ. ಮುತ್ತಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಮೀನು ತರಲು ಹೋದರೆ ಬಂದರಿಗೆಲ್ಲ ಸುದ್ದಿ ಹಂಚಿ ಬರುತ್ತಾಳೆ. ಹಾಗಾಗಿ ಅವಳಿಗೆ ನನ್ನ ವಿಷಯ ಹೇಳಲಿಲ್ಲ.

ದಾಮೋದರ ನನ್ನನ್ನು ಮಂಗಳೂರಿಗೆ ಕರೆದೊಯ್ದ. ಅಲ್ಲೊಬ್ಬ ಹಳೆಯ ವ್ಯಾಪಾರಿ ಮಸೂರ ಹಿಡಿದು ನನ್ನನ್ನು ನೋಡಿದ. ನೋಡುತ್ತಲೇ ಇದ್ದ. ಕೊನೆಗೆ, "ಇಂಥದ್ದು ಕಣ್ಣಿಗೆ ಬೀಳದೆ ಎಷ್ಟೋ ವರ್ಷವಾಯಿತು. ಸೋಮವಾರ ಬನ್ನಿ, ಪೂರ್ತಿ ಹಣ ಕೊಡುತ್ತೇನೆ" ಎಂದ. ಅವನು ಹೇಳಿದ ಬೆಲೆಗೆ ಬಂದರಿನ ಹತ್ತಿರ ಮಾರಾಟಕ್ಕಿದ್ದ ಐಸ್ ಪ್ಲಾಂಟ್ ಸಿಗುತ್ತಿತ್ತು. ದಾಮೋದರ ಮನೆಗೆ ಬಂದು ಪ್ರತಿಮಾಳನ್ನು ಎತ್ತಿ ತಿರುಗಿಸಿದ. ಜಲಜಾಕ್ಷಿ ಮೊದಲ ಸಲ ನನ್ನನ್ನು ಹೆದರದೆ ಅಂಗೈಯಲ್ಲಿಟ್ಟುಕೊಂಡಳು. ಬಳೆಗಳೇ, ಈಗ ಎಲ್ಲಿದ್ದೀರಿ ಎಂದುಕೊಂಡೆ.

"ಸೋಮ್ವಾರದ ತನ್ಕ ಶನಿದೇವ್ರಿಗ್ ಸಿಟ್ಟ್ ಬಪ್ಪುದ್ ಬ್ಯಾಡ" ಎಂದು ಅವಳು ಹೊಸ ಕಪ್ಪು ಬಟ್ಟೆಯಲ್ಲಿ ಹೊಸ ಎಳ್ಳು ಹಾಕಿ, ನಡುವೆ ನನ್ನನ್ನಿಟ್ಟು, ದೇವರ ಕೋಣೆಯ ಮೊಳೆಗೆ ನೇತುಹಾಕಿದಳು.

ಶನಿವಾರ ಗಂಡ ಹೆಂಡತಿ ಮಗಳನ್ನೂ ಕರೆದುಕೊಂಡು ಐಸ್ ಪ್ಲಾಂಟ್ ನೋಡಲು ಹೋದರು. ಮುತ್ತಕ್ಕ ಸ್ನಾನ ಮಾಡಿ ದೇವರ ಕೋಣೆಗೆ ಬಂದಳು. ಮಗಳ ಸಂಸಾರ ಜೀವಸಹಿತ ಬಂದರೆ ಎಳ್ಳುಬತ್ತಿ ಉರಿಸುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಮೊಳೆಯಲ್ಲಿ ಸಿದ್ಧವಾಗಿದ್ದ ಗಂಟು ಕಂಡು, ಮಗಳೇ ಕಟ್ಟಿಟ್ಟಿದ್ದಾಳೆಂದು ಸಂತೋಷಪಟ್ಟು, ಸೆರಗಿಗೆ ಸಿಕ್ಕಿಸಿಕೊಂಡು ಗುಡಿಗೆ ನಡೆದಳು.

ಎಳ್ಳೆಣ್ಣೆಯಲ್ಲಿ ನನ್ನನ್ನು ಮುಳುಗಿಸಿ ಬೆಂಕಿ ಹಚ್ಚಿದಳು. ಎಳ್ಳು ಚಟಪಟ ಸಿಡಿಯಿತು. ನಾನು ಎಷ್ಟು ಕಾದೆನೆಂದು ಹೇಳಲಾರೆ. ಮುತ್ತಕ್ಕ ಕಣ್ಣು ಮುಚ್ಚಿ ಕೈಮುಗಿದು, ಅಳಿಯನ ಹೆಸರು, ಮಗಳ ಹೆಸರು, ಮೊಮ್ಮಗಳ ಹೆಸರು ಹೇಳಿ, ಇವರನ್ನು ಇನ್ನು ಅಗಲಿಸಬೇಡ ದೇವರೇ ಎಂದು ಬೇಡುತ್ತಿದ್ದಳು. ಉರಿದು ಮುಗಿದ ಮೇಲೆ ಬೂದಿಯಲ್ಲಿ ಏನೋ ಹೊಳೆದದ್ದು ಕಂಡಿತು. ಪಕ್ಕದ ತಂಬಿಗೆಯ ತಣ್ಣೀರನ್ನು ಹೊಯ್ದಳು. ಚಟ್ ಎಂದಿತು. ಆ ಸದ್ದು ನನ್ನದು.

ಮನೆಗೆ ಬಂದವಳು ಎಲ್ಲರೆದುರು ನನ್ನನ್ನು ಜಗಲಿಯ ಮೇಲಿಟ್ಟು ದೂರಿದಳು: "ಎಳ್ಳಂಗೆ ಇಷ್ಟ್ ದೊಡ್ಡ್ ಕಲ್ಲ್ ಇತ್ತ್ ಕಾಣಿ! ಆ ಅಂಗಡಿಯವ್ರಿಗೆ ದೇವ್ರ್ ಭಯವೇ ಇಲ್ಲೆ!"

ಜಲಜಾಕ್ಷಿ ಬಾಯಿ ತೆರೆದಳು. ದಾಮೋದರ ಬೇಡವೆಂದು ತಲೆಯಾಡಿಸಿದ. "ಹೌದತ್ತೆ, ಆ ಅಂಗ್ಡಿಗೆ ಇನ್ ಹೋಪುದ್ ಬ್ಯಾಡ" ಎಂದು ಹೇಳಿ, ನನ್ನನ್ನು ಕಿಸೆಗೆ ಹಾಕಿಕೊಂಡು ಬಾವಿಕಟ್ಟೆಯ ಕಡೆ ಹೋದ. ಅಲ್ಲಿ ಬಹಳ ಹೊತ್ತು ಮುಖ ತೊಳೆದುಕೊಂಡ. ನನ್ನನ್ನು ಸುಟ್ಟ ಮುದುಕಿಯ ಮನಸ್ಸು ನೋಯಬಾರದೆಂದು ಇಷ್ಟು ಕಾಳಜಿ! ಅವಳ ಮೇಲೂ ನನಗೆ ಅಸೂಯೆಯಾಯಿತು.

ಸೋಮವಾರ ಮಂಗಳೂರಿನ ವ್ಯಾಪಾರಿ ಮಸೂರ ಹಿಡಿದ, ಇಳಿಸಿದ. ಬಿರುಕು ಈ ಬದಿಯಿಂದ ಆ ಬದಿಗೆ ಹೋಗಿತ್ತು. ಅವನು ಕೊಡುತ್ತೇನೆಂದದ್ದು ಒಂದು ತಿಂಗಳ ಅಕ್ಕಿಗೂ ಸಾಲದು. ದಾಮೋದರ ನನ್ನನ್ನು ಕಾಗದದಲ್ಲಿ ಸುತ್ತಿಕೊಂಡು ವಾಪಸು ಬಂದ. ಐಸ್ ಪ್ಲಾಂಟನ್ನು ಬೇರೆಯವರು ಕೊಂಡರು. ಮರುವರ್ಷ ಯುದ್ಧ ಮುಗಿದು, ಕುವೈತಿನಿಂದ ಅವನಿಗೆ ಕರೆ ಬಂತು. ಈ ಸಲ ಒಬ್ಬನಿಗೇ ವೀಸಾ. ಬಸ್ ಸ್ಟ್ಯಾಂಡಿನಲ್ಲಿ ಪ್ರತಿಮಾ ಅಪ್ಪನ ಅಂಗಿ ಹಿಡಿದು ಬಿಡಲೇ ಇಲ್ಲವಂತೆ, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಜಲಜಾಕ್ಷಿ ತಾಯಿಗೆ ಹೇಳುವಾಗ ಕೇಳಿಸಿಕೊಂಡೆ.

ನಾನೀಗ ಕಪಾಟಿನ ಮೇಲೆ ಒಂದು ಪೌಡರ್ ಡಬ್ಬಿಯೊಳಗಿದ್ದೇನೆ. ಮುಚ್ಚಳ ಸರಿಯಾಗಿ ಕೂರದ್ದರಿಂದ ಹೊರಗಿನದು ಸ್ವಲ್ಪ ಕಾಣುತ್ತದೆ. ನನ್ನ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇದೆ. ಕುವೈತಿನಿಂದ ಯಾರಾದರೂ ಊರಿಗೆ ಬಂದರೆ ಅವರ ಕೈಯಲ್ಲಿ ದಾಮೋದರ ಒಂದು ಕ್ಯಾಸೆಟ್ ಕಳಿಸುತ್ತಾನೆ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಕಂದು ಪಟ್ಟಿ. ಅದನ್ನು ಜಲಜಾಕ್ಷಿ ಸೆರಗಿನಿಂದ ಒರೆಸಿ ಒರೆಸಿ ಇಡುತ್ತಾಳೆ. ಮುತ್ತಕ್ಕ ಕಿವಿಗೊಟ್ಟು ಕೂರುತ್ತಾಳೆ. ಪ್ರತಿಮಾ ಶಾಲೆಯಿಂದ ಬಂದವಳೇ ಚೀಲ ಎಸೆದು ಗುಂಡಿ ಒತ್ತುತ್ತಾಳೆ.

"ಪ್ರತಿಮಾ, ಊಟ ಮಾಡ್ದ್ಯಾ ಮಗಾ?" ಎನ್ನುತ್ತದೆ ಅದು.

"ಮಾಡ್ದೆ ಅಪ್ಪಯ್ಯ" ಎನ್ನುತ್ತಾಳೆ ಇವಳು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತಾಳೆ, ಮತ್ತೆ ಉತ್ತರ ಕೊಡುತ್ತಾಳೆ. ಆಮೇಲೆ ಕ್ಯಾಸೆಟ್ಟನ್ನು ಹೊರಗೆ ತೆಗೆದು ಎದೆಗೆ ಅವಚಿಕೊಂಡು ಕಿಟಕಿಯ ಹತ್ತಿರ ಕೂರುತ್ತಾಳೆ.

ಕೆಂಪು ಕಲ್ಲನ್ನು, ಬಳೆಯನ್ನು, ಗಾಜನ್ನು ನಾನು ಸಹಿಸಿಕೊಂಡೆ. ಆ ಕ್ಯಾಸೆಟ್ಟನ್ನು ಕಂಡರೆ ಮಾತ್ರ ನನಗೆ ಸಹಿಸಲಾಗುವುದಿಲ್ಲ. ಆ ಸೋಮವಾರ ನಾನು ಮಾರಾಟವಾಗಿದ್ದರೆ ಅದು ಈ ಮನೆಗೆ ಬರಬೇಕಾಗಿಯೇ ಇರಲಿಲ್ಲ.