ಆಲ್ಬಿನಾ ಕೇಳಿದ ಪ್ರಶ್ನೆಗಳು

ಎಸಿ ಗಾಳಿಗೆ ರೋಸಲಿಂಡ್ ಮೇಡಂ ಮೇಜಿನ ಕಾಗದ ಪಟಪಟ ಅನ್ನುತ್ತಿದೆ, ಅದಕ್ಕಿಂತ ಜೋರಾಗಿ ನನ್ನ ಎದೆ — ತೈಲದ ಬೆಲೆ ಬಿದ್ದಾಗಿನಿಂದ ಮಸ್ಕತ್ತಿನ ಆಫೀಸುಗಳಲ್ಲಿ ನಗುವೇ ಕೇಳಿಸುವುದಿಲ್ಲ, ನಮ್ಮಲ್ಲಿ ನಕ್ಷೆ ಬರೆಯುವ ಇಬ್ಬರಲ್ಲಿ ಒಬ್ಬರು ಹೋಗಬೇಕಂತೆ, ನಾನೋ ಲತೇಶನೋ, ಬೇರೆ ಕಡೆಯಾಗಿದ್ದರೆ ಖಲಾಸ್ ಎಂದು ಒಂದೇ ಮಾತು, ಇದು ಬ್ರಿಟಿಷ್ ಕಂಪನಿ, ತೆಗೆಯುವ ಮೊದಲು ಕೂರಿಸಿ ಕೇಳುತ್ತಾರೆ, ನಮ್ಮ ದೇಶದ ಪದ್ಧತಿ ತ್ರಿವೇಣಿ, ಜೊತೆಗೆ ಒಬ್ಬ ಸಹೋದ್ಯೋಗಿಯನ್ನು ಕರೆತಾ, ಅವರು ಮಾತಾಡಬಹುದು, ನಿನ್ನನ್ನು ಕೇಳಿದ್ದಕ್ಕೆ ಮಾತ್ರ ನಿನ್ನ ಬದಲು ಅವರು ಉತ್ತರಿಸುವಂತಿಲ್ಲ ಎಂದಿದ್ದರು ಮೇಡಂ, ಯಾರರೆ ದೊಡ್ಡ ಎಂಜಿನಿಯರನ್ನ ಕರಕೊಂಡು ಹೋಗು, ಆ ಆಲ್ಬಿನಾ ಬಾಯಿ ಮುಚ್ಚೂದಿಲ್ಲ, ಎಲ್ಲಾ ಕೆಡಸ್ತಾಳ ನೋಡು ಎಂದು ಇಬ್ರಾ ಊರಿನಲ್ಲಿ ಕೆಲಸಕ್ಕಿರುವ ಗಂಡ ಶಿವಶರಣ ಫೋನಿನಲ್ಲಿ, ಆದರೆ ಎಂಜಿನಿಯರುಗಳಿಗೆಲ್ಲ ಇವತ್ತೇ ಏನೇನೋ ಕೆಲಸ, ರಿಸೆಪ್ಶನ್ನಿನ ಆಲ್ಬಿನಾ ಒಬ್ಬಳೇ, ನಾನು ಬರ್ತೇನೆ ಮಾರಾಯ್ತಿ, ಎಂತ ಹೆದರಿಕೆ — ಈಗ ಪಕ್ಕದಲ್ಲಿದ್ದಾಳೆ, ಮಂಗಳೂರು ಮಲ್ಲಿಗೆಯ ಸೆಂಟು, ತ್ರಿವೇಣಿ, ಬೇರೆ ಯಾವ ಕೆಲಸ ಮಾಡಬಲ್ಲೆ ಎಂದು ಮೇಡಂ ಕೇಳುತ್ತಿದ್ದಾರೆ, ಬಾಗಲಕೋಟೆ ಕಾಲೇಜಿನ ವೈವಾದಲ್ಲೂ ಹೀಗೇ ಆಗಿತ್ತು, ನಾಲಿಗೆಯೇ ಏಳಲಿಲ್ಲ, ಆಲ್ಬಿನಾ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು, ಕಣ್ಣು ಹೊಳೆಯಿತು, ಉತ್ತರ ಹೇಳಬಾರದು ಸರಿ, ಪ್ರಶ್ನೆ ಕೇಳ್ಬಹುದಲ್ಲ ಮೇಡಂ, ಕೇಳಬಹುದು, ಹಾಗಾದ್ರೆ ಸಲಾಲಾ ಬಂದರಿನ ಕೆಲಸಕ್ಕೆ ಯಾರೂ ಒಪ್ಪದಿದ್ದಾಗ ಹೋದದ್ದು ಯಾರು, ಅಲ್ಲಿಯವರು ಈಗ್ಲೂ ಫೋನ್ ಮಾಡಿ ಇವಳನ್ನೇ ಕೇಳುದಿಲ್ವಾ, ಆ ಕೆಲಸ ಇನ್ನೂ ನಿಂತಿಲ್ಲ ಅಲ್ವಾ — ಮೇಡಂ ಕೈಯಿಂದ ಬಾಯಿ ಮುಚ್ಚಿಕೊಂಡರು, ನಕ್ಕರು, ಹೌದು, ಗಟ್ಟಿಯಾಗಿಯೇ ನಕ್ಕರು, ಸಲಾಲಾಕ್ಕೆ ಪೂರ್ತಿಯಾಗಿ ಹೋಗುತ್ತೀಯಾ ತ್ರಿವೇಣಿ, ಆಗ ಯಾರನ್ನೂ ತೆಗೆಯಬೇಕಿಲ್ಲ, ಆಲ್ಬಿನಾ ನೀನು ಸುಮ್ಮನಿರು, ಇದಕ್ಕೆ ಅವಳೇ ಹೇಳಬೇಕು — ಸಲಾಲಾ, ಸೋನೆ, ತೆಂಗು, ಮಗಳು ಶುಭಾಳಿಗೆ ಅಲ್ಲೂ ಶಾಲೆಯಿದೆ, ಇಲ್ಲಿಯ ದಾರ್ಸೈಟ್ ಶಾಲೆಯ ಗೆಳತಿಯರಿಗಾಗಿ ಎರಡು ದಿನ ಅತ್ತಾಳು, ಇಬ್ರಾದಿಂದ ಅಲ್ಲಿಗೆ ಇಡೀ ದಿನದ ದಾರಿ, ಶಿವಶರಣ ಗೊಣಗುತ್ತಾರೆ, ಗೊಣಗುತ್ತಲೇ ಬರುತ್ತಾರೆ, ಹೋಗುತ್ತೇನೆ ಮೇಡಂ, ಯಾರ ದನಿ ಇದು, ನನ್ನದೇ, ಎಷ್ಟು ನೆಟ್ಟಗಿದೆ — ಬಾಗಿಲು ತೆರೆದರೆ ಎದುರಿಗೆ ಲತೇಶ, ಅಕ್ಕ ಎಂತಾಯ್ತು, ಇಬ್ಬರೂ ಉಳಿದ್ರಿ ಮಾರಾಯ ಎಂದು ಆಲ್ಬಿನಾ ಕೂಗಿದಳು, ಅವನ ಎರಡೂ ಕೈಯಲ್ಲಿ ಚಹಾ, ಒಂದು ನನಗಂತೆ, ಒಬ್ಬರೇ ಉಳಿಯಬೇಕಿದ್ದ ದಿನ ನನಗೂ ತಂದಿದ್ದಾನೆ, ನಗುತ್ತ ಅಳುತ್ತ ನಿಂತಿದ್ದಾನೆ, ಲೋಟ ವಾಲಿ ಬಿಳಿ ಅಂಗಿಯ ಮೇಲೆ ಚಹಾ ಇಳಿಯುತ್ತಿದೆ, ಅವನಿಗೆ ಗೊತ್ತೇ ಇಲ್ಲ, ಬಿಳಿ ಅಂಗಿ, ಚಹಾ, ಇಳಿಯುತ್ತಲೇ ಇದೆ —