ಉಪ್ಪುನೀರಿನ ದಾರಿ

"ಮೋಟರು ಸುಟ್ಟುಹೋಗಿದೆ! ಒಂದು ಹನಿ ನೀರಿಲ್ಲ!" ಎನ್ನುತ್ತ ಮೇಲಿನ ಮನೆಯ ದಕ್ಷಾ ಖಾಲಿ ಬಕೆಟ್ ಹಿಡಿದು ಮೆಟ್ಟಿಲಿಳಿದು ಬಂದಳು.

ಜಸುಬೆನ್‌ರ ಚಟ್ಟ ಆಗಷ್ಟೇ ಗಲ್ಲಿಯ ತಿರುವು ದಾಟಿತ್ತು. ಸ್ಮಶಾನದಿಂದ ಮರಳುವ ಗಂಡಸರು ಸ್ನಾನ ಮಾಡದೆ ಒಳಗೆ ಕಾಲಿಡುವಂತಿರಲಿಲ್ಲ. ರಾಜ್‌ಕೋಟ್‌ನಲ್ಲಿ ಮೇ ತಿಂಗಳು. ಟ್ಯಾಂಕರಿನವನು ಫೋನನ್ನೇ ಎತ್ತುತ್ತಿರಲಿಲ್ಲ.

"ಜಸುಮಾಸಿ ಡ್ರಮ್ ಇದೆಯಲ್ಲ," ಎಂದಳು ದಕ್ಷಾ. ವಠಾರಕ್ಕೆಲ್ಲ ಜಸುಬೆನ್ ಮಾಸಿ, ಚಿಕ್ಕಮ್ಮ.

ಅಂಗಳದ ನೀಲಿ ಡ್ರಮ್ಮು ತುಂಬಿತ್ತು. ಕುಡಿಯುವ ನೀರು ಸೋಸುವ ಯಂತ್ರ ಹೊರಗೆ ತಳ್ಳುವ ಉಪ್ಪುನೀರು ಅದು.

"ಥೂ, ಆ ನೀರಲ್ಲಿ ಸ್ನಾನಾನಾ?" ನೆಂಟರಾಕೆಯೊಬ್ಬರು ಮುಖ ಸಿಂಡರಿಸಿದರು.

"ಸೋಮನಾಥಕ್ಕೆ ಹೋದಾಗ ಸಮುದ್ರದಲ್ಲಿ ಮುಳುಗಿದ್ರಲ್ಲ, ಆಗ ಉಪ್ಪಿರ್ಲಿಲ್ವಾ?" ದಕ್ಷಾ ಸೀರೆ ಎತ್ತಿ ಕಟ್ಟಿದಳು. "ನಮ್ಮನೇಲೂ ಎರಡು ಬಕೆಟ್ ಇದೆ. ಮಾಸಿ ಬೈದು ಬೈದು ಇಡ್ಸಿದ್ದು."

ಮೇಲಿನ ಮನೆಗಳಿಂದಲೂ ಬಕೆಟ್ಟುಗಳು ಇಳಿಯತೊಡಗಿದವು. ಕೆಳಮನೆಯ ಕಾಂತಾಬೆನ್ ಮಾತ್ರ ತಮ್ಮ ಹೊಸ್ತಿಲಲ್ಲೇ ನಿಂತಿದ್ದರು.

*

ಗಂಡನಿಗೆ ಮೂತ್ರಪಿಂಡದಲ್ಲಿ ಕಲ್ಲಾದಾಗ ಜಸುಬೆನ್ ರವಿಕೆ ಹೊಲಿದ ದುಡ್ಡಿನಲ್ಲಿ ಆ ಯಂತ್ರ ತಂದಿದ್ದರು. ಒಂದು ಕೊಡ ಒಳ್ಳೆಯ ನೀರಿಗೆ ಮೂರು ಕೊಡ ಚರಂಡಿ ಸೇರುವುದನ್ನು ಕಂಡು ಅವರ ಹೊಟ್ಟೆ ಉರಿದಿತ್ತು. ರಿಪೇರಿಯವನನ್ನು ಕರೆಸಿ, ಒಳಗಿನ ಟ್ಯಾಂಕ್ ತುಂಬಿದ ಮೇಲೂ ನೀರು ಹರಿಸುತ್ತಿದ್ದ ವಾಲ್ವು ಬದಲಿಸಿದರು. ಸೋಸಿದ ನೀರು ಕುಡಿಯಲು, ಬೇಯಿಸಲು ಮಾತ್ರ ಎಂದು ಮನೆಯವರಿಗೆಲ್ಲ ತಾಕೀತು ಮಾಡಿದರು. ಹೊರಬಿದ್ದ ನೀರನ್ನು ತುಳಸಿಗೆ ಹಾಕಿ ನೋಡಿದರು. ಎಲೆ ಅಂಚು ಸುಟ್ಟಿತು. ತುಳಸಿಯ ಹತ್ತಿರ ತಪ್ಪಾಯಿತೆಂದು ಕೈಮುಗಿದು, ಆ ನೀರನ್ನು ನೆಲಕ್ಕೆ, ಪಾತ್ರೆಗೆ, ಪಾಯಿಖಾನೆಗೆ ತಿರುಗಿಸಿದರು.

ಜಸುಬೆನ್‌ರದ್ದೂ ಸೇರಿ ಮೇಲಿನ ಮನೆಗಳಲ್ಲೆಲ್ಲ ಇಂಥ ಯಂತ್ರವಿತ್ತು, ಅಡುಗೆಮನೆಗಳೆಲ್ಲ ಒಂದರ ಮೇಲೊಂದಿದ್ದವು. ಒಂದೇ ಪೈಪಿನಲ್ಲಿ ಎಲ್ಲರ ನೀರೂ ಡ್ರಮ್ಮಿಗೆ ಇಳಿಯಬಹುದಿತ್ತು. ಆದರೆ ಆ ಪೈಪು ಕಾಂತಾಬೆನ್‌ರ ಅಡುಗೆಮನೆ ಗೋಡೆ ಹಾದು ಬರಬೇಕು.

"ಮೇಲಿನವ್ರ ಎಂಜಲು ನನ್ನ ಒಲೆ ಪಕ್ಕ ಹರೀಬೇಕಾ?" ಕಾಂತಾಬೆನ್ ಕೂಗಾಡಿದ್ದರು.

"ಎಂಜಲಲ್ಲ ಕಣೇ, ಯಾರ ಬಾಯಿಗೂ ಸೋಕಿಲ್ಲ."

"ನನ್ನ ಗೋಡೆಗೆ ಉಳಿ ಇಟ್ರೆ ಪೊಲೀಸರನ್ನ ಕರೀತೀನಿ!"

ಜಸುಬೆನ್ ಪೈಪಿನ ಆಸೆ ಬಿಟ್ಟರು. ನೋಯುವ ಮಂಡಿಯಲ್ಲೇ ಬಕೆಟ್ ಹೊತ್ತು ಇಳಿದು ಡ್ರಮ್ಮಿಗೆ ಸುರಿಯತೊಡಗಿದರು. ಕಾಂತಾಬೆನ್ ಬಾಗಿಲ ಮುಂದೆ ದಿನವೂ ಬಕೆಟ್ ಇಳಿಸಿ ಉಸಿರು ತೆಗೆದುಕೊಳ್ಳುವರು. "ಚಹಾ ಆಯ್ತಾ ಕಾಂತಾ?" ಎನ್ನುವರು. ಕಾಂತಾಬೆನ್ ಒಳಗಿನಿಂದ ಚಿಲಕ ಹಾಕಿಕೊಳ್ಳುವರು.

*

ಗಂಡಸರು ಬಂದರು. ಬಿಸಿಲಿಗೆ ಕಾದ ನೀರು ತಲೆಯ ಮೇಲೆ ಬಿದ್ದಾಗ ಜಸುಬೆನ್‌ರ ಮಗ ವಿಪುಲ್ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳುವನ್ನು ಬಿಟ್ಟುಬಿಟ್ಟ. ಪಕ್ಕದವರು ಇನ್ನೊಂದು ತಂಬಿಗೆ ಸುರಿದರು. ಕೊನೆಯವನ ಸ್ನಾನವಾದ ಮೇಲೂ ಡ್ರಮ್ಮಿನಲ್ಲಿ ಮೊಣಕಾಲೆತ್ತರ ನೀರಿತ್ತು.

ಒದ್ದೆ ಧೋತಿ ಹಿಂಡುತ್ತಿದ್ದ ವಿಪುಲ್ ಬಳಿಗೆ ಕಾಂತಾಬೆನ್ ಬಂದರು.

"ವಿಪುಲ್, ನಿಮ್ಮಮ್ಮ... ಮೆಟ್ಟಿಲ ಮೇಲೇನಾದ್ರೂ ಬಿದ್ದು...?" ಅವರು ಮೆಟ್ಟಿಲ ಕಡೆ ನೋಡಿದರು. "ನಿಜ ಹೇಳು."

"ಇಲ್ಲ ಮಾಸಿ. ಅಮ್ಮ ನಿದ್ದೇಲೇ ಹೋದ್ರು. ರಾತ್ರಿ ಸಜ್ಜೆ ರೊಟ್ಲಾ, ಮಜ್ಜಿಗೆ ಚೆನ್ನಾಗೇ ತಿಂದಿದ್ರು."

ಕಾಂತಾಬೆನ್ ಸೆರಗಿನಿಂದ ಮುಖ ಒರೆಸಿಕೊಂಡರು. ಡ್ರಮ್ಮಿನತ್ತ ನೋಡಿ ಕೇಳಿದರು: "ಆ ಪೈಪು ಹಾಕೋ ಮೇಸ್ತ್ರಿ ಊರಲ್ಲಿದ್ದಾನಾ?"

"ಮಾಸಿ, ಸೂತಕ ಕಳೀಲಿ..."

"ಸೂತಕ ನಿಮಗೆ ಕಣೋ. ನನ್ನ ಗೋಡೆಗೆಂಥದು?"

ಅವರು ಒಳಗೆ ಹೋದರು. ಹಿಂದೆಯೇ ಹೋದ ದಕ್ಷಾ ಬಾಗಿಲಲ್ಲೇ ನಿಂತಳು. ಕಾಂತಾಬೆನ್ ಸ್ಟೂಲು ಹತ್ತಿ, ಮದುವೆಯಲ್ಲಿ ತವರಿನವರು ಕೊಟ್ಟ ಹಿತ್ತಾಳೆ ತಟ್ಟೆಗಳನ್ನು ಅಡುಗೆಮನೆಯ ಗೋಡೆಯಿಂದ ಒಂದೊಂದಾಗಿ ಇಳಿಸುತ್ತಿದ್ದರು. ಒಲೆಯ ಹೊಗೆಗೆ ಕಪ್ಪಾದ ಆ ಗೋಡೆಯ ಮೇಲೆ, ತಟ್ಟೆ ತೆಗೆದಲ್ಲೆಲ್ಲ, ಹಳೆಯ ಸುಣ್ಣದ ಬೆಳ್ಳನೆಯ ದುಂಡು ದುಂಡು ಗುರುತುಗಳು ಹೊಳೆಯುತ್ತಿದ್ದವು.