ಬುಗುರಿ ಕೂಗಿದ್ದು

ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮಧ್ಯಾಹ್ನದ ಆಪರೇಷನ್ ಮುಗಿದರೆ ಅಜ್ಜಿಯ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಓದು ಬರಹ ಬಾರದವಳು. ಬರೆದು ತಿಳಿಸುವ ದಾರಿಯೂ ಇಲ್ಲ. ಅದಕ್ಕೇ ಮೊಮ್ಮಗಳು ಬೆಳಗ್ಗೆಯೇ ವಾರ್ಡಿಗೆ ಬಂದು ಅಜ್ಜಿಯ ದಿಂಬಿಗೆ ಫೋನು ಒರಗಿಸಿಟ್ಟಳು. ಸಿಟಿ ಬಸ್ಸು ಓಡಿಸುವ ಕೆಲಸಕ್ಕೆ ಅವತ್ತು ರಜೆ ಹಾಕಿದ್ದವಳು, ರೆಕಾರ್ಡಿಂಗ್ ಶುರುಮಾಡಿದಳು.

"ಏನು ಹೇಳ್ಲಿ?" ಅಜ್ಜಿಯ ಸ್ವರ ಆಗಲೇ ಒಡೆದಿತ್ತು.

"ಬೆಂಕಿ ಬಿದ್ದ ದಿನದ್ದು."

"ನಿನ್ನ ಮಾವ ನೂರು ಸಲ ಹೇಳಿದ್ದಾನಲ್ಲೇ."

"ಅದು ಮಾವನ ಕಥೆ. ನನಗೆ ನಿಂದು ಬೇಕು."

ಮಾವನ ಕಥೆ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ನೂಲಿನ ಗಿರಣಿಯ ಕೆಲಸಗಾರರ ಸಾಲುಮನೆಗೆ ಬೆಂಕಿ ಹತ್ತಿದಾಗ, ಅಜ್ಜ ಎರಡೂ ಮಕ್ಕಳನ್ನು ಹೊತ್ತು ಹೊರಗೆ ಹಾರಿದನಂತೆ. ಆ ಮಕ್ಕಳಲ್ಲಿ ದೊಡ್ಡವನು ಮಾವ. ಕೈಗೂಸಾಗಿದ್ದವಳು ಮೊಮ್ಮಗಳ ತಾಯಿ. ಅವಳು ತೀರಿಕೊಂಡು ವರ್ಷಗಳಾದವು.

ಅಜ್ಜಿ ಉಗುಳು ನುಂಗಿಕೊಂಡಳು. "ನಿಮ್ಮಜ್ಜ ಅವತ್ತು ಪಾಳಿಯಲ್ಲಿದ್ರು. ಅವರು ಬರೋ ಹೊತ್ತಿಗೆ ಎಲ್ಲಾ ಬೂದಿ."

ಮೊಮ್ಮಗಳು ಫೋನನ್ನು ಇನ್ನಷ್ಟು ಹತ್ತಿರ ಸರಿಸಿದಳು. "ಮತ್ತೆ ಮಕ್ಕಳನ್ನ ಉಳಿಸಿದ್ದು ಯಾರು?"

"ಬುಗುರಿ. ನನ್ನ ತಂಗಿ. ಒಂದು ಕಡೆ ನಿಂತೋಳಲ್ಲ, ಅದಕ್ಕೇ ಆ ಹೆಸರು. ಗಂಡನ ಏಟು ತಡೀಲಾರ್ದೆ ಬಿಟ್ಟು ಬಂದಿದ್ಲು. ನಮ್ಮಪ್ಪ, ಅವಳು ನಮ್ಮ ಪಾಲಿಗೆ ಸತ್ತಳು ಅಂತ ಬಾಗಿಲು ಹಾಕಿದ್ರು. ನಾನು ಯಾರಿಗೂ ಗೊತ್ತಾಗದ ಹಾಗೆ ನಮ್ಮನೇಲಿ ಇಟ್ಕೊಂಡಿದ್ದೆ."

"ಏನು ನಡೀತಿದೆ ಇಲ್ಲಿ?"

ಬಾಗಿಲಲ್ಲಿ ಮಾವ. ಎರಡೇ ಹೆಜ್ಜೆಗೆ ಒಳಗೆ ಬಂದು ಫೋನು ಕಿತ್ತುಕೊಂಡರು. "ಆಪರೇಷನ್‌ಗೆ ಹೋಗೋಳ ಹತ್ರ ಇದೆಲ್ಲ ಬಾಯಿ ಬಿಡಿಸ್ತೀಯಲ್ಲ, ತಲೆ ನೆಟ್ಟಗಿದೆಯಾ ನಿಂಗೆ?"

"ಕೊಡಿ ಮಾವ, ಹೊತ್ತಾಗ್ತಿದೆ."

"ಅಪ್ಪನ ಹೆಸರಿಗೆ ಮಸಿ ಬಳೀಬೇಕಾ?"

"ಬುಗುರಿಗೆ ಮಸಿ ಬಳಿಯೋಕೆ ಹೆಸರೂ ಉಳಿಸಿಲ್ವಲ್ಲ ನೀವು! ಅವಳಿಲ್ದಿದ್ರೆ ನಮ್ಮಮ್ಮ ಎಲ್ಲಿ, ನಾನೆಲ್ಲಿ?"

ಅಜ್ಜಿ ಮಂಚದ ಸರಳಿಗೆ ಫಟ್ಟನೆ ಹೊಡೆದಳು. "ಕೊಡೋ ಅವಳಿಗೆ! ಮಧ್ಯಾಹ್ನದವರೆಗೂ ಈ ಬಾಯಿ ನಂದೇ."

ಮಾವ ಫೋನನ್ನು ಹಾಸಿಗೆಯ ಮೇಲೆ ಹಾಕಿ, ಬೆನ್ನು ತಿರುಗಿಸಿ ನಿಂತರು. ಹೊರಗೆ ಮಾತ್ರ ಹೋಗಲಿಲ್ಲ.

"ನಾನು ನಲ್ಲಿ ಹತ್ರ ಇದ್ದೆ," ಅಜ್ಜಿ ಉಸಿರು ಎಳೆದುಕೊಂಡು ಶುರುಮಾಡಿದಳು. "ಓಡಿ ಬಂದ್ರೆ ಮುಂದಿನ ಬಾಗಿಲು ಧಗಧಗ ಉರೀತಿದೆ. ಬುಗುರಿ ಹಿಂದಿನ ಕಿಟಕೀನ ಒದ್ದು ಕೆಡವಿ, ಕೂಸನ್ನ ನನ್ನ ಕೈಗೆ ಹಾಕಿದ್ಲು. ಇವನು ಹೆದರ್ಕೊಂಡು ಮಂಚದ ಕೆಳಗೆ ಸೇರಿದ್ದ. ಇವನನ್ನ ಎಳ್ಕೊಂಡು ಬರೋಕೆ ಮತ್ತೆ ಒಳಗೆ…"

ಗಾಲಿಗಳ ಸದ್ದಾಯಿತು. ಸ್ಟ್ರೆಚರ್ ಹಿಂದೆ ನರ್ಸ್ ಬಂದಳು. "ಮೊದಲಿನ ಆಪರೇಷನ್ ಮುಂದಕ್ಕೆ ಹೋಯ್ತು. ಇವರನ್ನ ಈಗಲೇ ಕರ್ಕೊಂಡು ಹೋಗ್ಬೇಕು."

"ಸ್ವಲ್ಪ ತಡೀರಿ ಸಿಸ್ಟರ್!"

"ಡಾಕ್ಟರು ಕಾಯ್ತಿದ್ದಾರೆ ಕಣಮ್ಮ."

ಅಜ್ಜಿಯನ್ನು ಮಲಗಿಸಿಕೊಂಡು ಸ್ಟ್ರೆಚರ್ ಹೊರಟಿತು. ಮೊಮ್ಮಗಳು ಅಜ್ಜಿಯ ಬಾಯಿಯ ಹತ್ತಿರ ಫೋನು ಹಿಡಿದು ಪಕ್ಕದಲ್ಲೇ ಓಡಿದಳು. ಗಾಲಿಗಳ ಗಡಗಡದಲ್ಲಿ ಆ ಒಡೆದ ಸ್ವರ ಮುಳುಗಿ ಏಳುತ್ತಿತ್ತು.

"ಇವನನ್ನ ಹೊರಗೆ ದೂಡಿದ್ಲು… ಸೂರು ಕುಸೀತು. ಅದಕ್ಕೆ ಮುಂಚೆ ಏನೋ ಕೂಗಿದ್ಲು ಕಣೇ. ನನಗೆ ಕೇಳಿಸ್ಲಿಲ್ಲ. ಇಷ್ಟು ವರ್ಷ ಅದೇ ಯೋಚನೆ, ಏನಂದ್ಲೋ…"

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿಕೊಂಡಿತು.

ಮೊಮ್ಮಗಳು ಮಂಕು ಬಡಿದವಳಂತೆ ಬೆಂಚಿನ ಮೇಲೆ ಕುಳಿತಳು. ರೆಕಾರ್ಡಿಂಗ್ ನಿಲ್ಲಿಸಲು ಬೆರಳು ಚಾಚಿದಾಗ, ಹಿಂದೆಯೇ ಬಂದಿದ್ದ ಮಾವ ಅವಳ ಕೈ ಹಿಡಿದರು.

"ಇರಲಿ. ನಿಲ್ಲಿಸ್ಬೇಡ."

ಅವರ ಮುಖ ಬಿಳಿಚಿಕೊಂಡಿತ್ತು. "ಅವಳ ಹಸಿರು ಶಾಲನ್ನ ನಾನು ಬಿಡ್ಲೇ ಇಲ್ಲ. ಬೆರಳು ಒಂದೊಂದೇ ಬಿಡಿಸಿ ನನ್ನ ದೂಡಿದ್ಲು. 'ನಡಿಯೋ ಬಂಗಾರ, ಹಿಂದೇನೇ ಬರ್ತೀನಿ' ಅಂದ್ಲು." ಮಾವ ಅವಳ ಪಕ್ಕ ಕುಳಿತರು. "ನಾನು ಕೆಳಗೆ ಬಿದ್ದೆ. ಆಗ ಕೂಗಿದ್ದು. 'ಅಕ್ಕಾ, ಇಬ್ರೂ ಸಿಕ್ಕಿದ್ರಾ?' ಅಂತ."

ಮೊಮ್ಮಗಳು ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದಳು.

"ಅವಳು ಅಲ್ಲಿದ್ಲು ಅಂತ ಊರಿಗೆ ಗೊತ್ತಾಗ್ಬಾರ್ದು ಅಂತ ನನ್ನ ತಾತ, ಅಮ್ಮನ ಅಪ್ಪ, ನನಗೆ ಬೇರೆ ಕಥೆ ಕಲಿಸಿದ್ರು. ಹೇಳ್ತಾ ಹೇಳ್ತಾ ಅದೇ ಹಗುರ ಅನ್ನಿಸ್ತು. ಬರ್ತೀನಿ ಅಂದೋಳು ಬರ್ಲಿಲ್ವಲ್ಲ, ಅದನ್ನ ನೆನೆಸ್ಕೊಳ್ಳೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಅಜ್ಜಿ ಚೇತರಿಸಿಕೊಂಡು ಎದ್ದು ಕೂರುವಂತಾದ ದಿನ, ಕುತ್ತಿಗೆಯ ಪಟ್ಟಿಗೆ ತಾಗದ ಹಾಗೆ ಮೊಮ್ಮಗಳು ಅವಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. ಮಾವ ಮಂಚದ ಕಾಲ ಬಳಿ ನಿಂತು ತಮ್ಮ ಚಪ್ಪಲಿ ನೋಡುತ್ತಿದ್ದರು.

ಅಜ್ಜಿ ಅಲುಗಾಡದೆ ಕೇಳಿದಳು. ಮಗನ ಬಾಯಲ್ಲಿ ಬುಗುರಿಯ ಕೂಗು ಬಂದಾಗ ಅವಳ ತುಟಿ ಬಿಗಿಯಿತು, ಕಣ್ಣು ತುಂಬಿ ಹರಿಯಿತು. ಮಗನನ್ನು ಹತ್ತಿರ ಕರೆದು ಅವನ ಕೆನ್ನೆ ಹಿಡಿದುಕೊಂಡಳು. ಆಮೇಲೆ ಮೇಲಕ್ಕೆ ಮುಖ ಮಾಡಿ, ಯಾರಿಗೋ ತೋರಿಸುವವಳಂತೆ ಎರಡು ಬೆರಳು ಎತ್ತಿ ಹೌದು, ಹೌದೆಂದು ತಲೆಯಾಡಿಸಿದಳು.

ಸ್ವಲ್ಪ ಹೊತ್ತಿಗೆ ಏನೋ ನೆನಪಾಗಿ ಫೋನಿಗೆ ಬೆರಳು ಕುಕ್ಕಿದಳು. ಅಲ್ಲ ಎಂದು ಕೈಯಾಡಿಸಿ, ಕಿಟಕಿಯ ನೀಲಿ ಪರದೆಯನ್ನು ತೋರಿಸಿದಳು.

"ಶಾಲು ನೀಲಿನಾ?" ಮಾವ ಅಳುತ್ತಲೇ ನಕ್ಕರು. "ಆಯ್ತಮ್ಮ, ನೀಲಿನೇ. ಕುರ್ಚಿ ಎಳ್ಕೊಂಡು ರೆಕಾರ್ಡಿಂಗ್ ಹಾಕೇ, ಮೊದಲಿಂದ ಹೇಳ್ತೀನಿ."